ಪುಳಿಯೋಗರೆಗೆ ಆರು ನಿಮಿಷ

ಹುಡುಗ ನಿಂತುಕೊಂಡೇ ತಿಂದ. ಎಡಗೈಯಲ್ಲಿ ಸ್ಟೀಲ್ ಡಬ್ಬಿ, ಬಲಗೈಯಲ್ಲಿ ಚಮಚ, ಸಮವಸ್ತ್ರದ ಮೇಲೆ ಒಂದು ಅಗುಳೂ ಬೀಳಬಾರದು ಅಂತ ಸೊಂಟದಿಂದ ಮುಂದಕ್ಕೆ ಬಾಗಿ. "ಕೂತ್ಕೊಂಡು ತಿನ್ನೋ ಕಂದಾ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಅಂತ ಅವನಮ್ಮ ಕಾರಿನ ಡಿಕ್ಕಿಯಲ್ಲಿ ಜಾಗ ಮಾಡಿಕೊಟ್ಟಳು. ಅವನು ಕೂರಲಿಲ್ಲ. ಪುಳಿಯೋಗರೆ, ಅದರ ಮೇಲೆ ಮೊಸರನ್ನ, ನಾಲ್ಕು ಕೋಡುಬಳೆ. ಎಲ್ಲ ಸೇರಿ ಆರು ನಿಮಿಷ. ನಾನು ಸುಮ್ಮನೆ ಗಡಿಯಾರ ನೋಡಿದ್ದೆ, ಅದಕ್ಕೇ ಗೊತ್ತು. ಇದೇ ಹುಡುಗ ಹೋದ ವರ್ಷ ನಮ್ಮ ಮನೆಗೆ ಊಟಕ್ಕೆ ಬಂದಾಗ ಒಂದು ದೋಸೆಗೆ ಮುಕ್ಕಾಲು ಗಂಟೆ ತೆಗೆದುಕೊಂಡಿದ್ದ, ಒಂದು ಕಣ್ಣು ಫೋನಿನಲ್ಲಿ.

ಅವತ್ತು 2024ರ ಅಕ್ಟೋಬರ್ 19. ಜಾಗ ವೆಸ್ಟ್ ಪಾಯಿಂಟ್, ಅಮೆರಿಕದ ಸೇನಾ ಅಕಾಡೆಮಿ. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 50 ಮೈಲಿ, ಹಡ್ಸನ್ ನದಿ ತಿರುವು ತೆಗೆದುಕೊಳ್ಳುವ ಕಡೆ ಬಂಡೆಯ ಮೇಲೆ ಕಟ್ಟಿದ ಬೂದು ಕಟ್ಟಡಗಳು. ನ್ಯೂಜೆರ್ಸಿಯ ನಮ್ಮ ಮನೆಯಿಂದ ಪ್ಯಾಲಿಸೇಡ್ಸ್ ಪಾರ್ಕ್‌ವೇ ಹಿಡಿದು, ಬೇರ್ ಮೌಂಟನ್ ದಾಟಿದರೆ ಬಂತು. ಎಲೆ ಬಣ್ಣ ತಿರುಗುವ ಕಾಲ, ಹಾಗಾಗಿ ದಾರಿ ತುಂಬ ನಮ್ಮಂಥ ಪ್ರವಾಸಿಗಳ ಕಾರುಗಳೇ. ನಾವು ಎಲೆ ನೋಡಲು ಹೊರಟವರಲ್ಲ. ಗೆಳತಿಯ ಮಗ ಅಲ್ಲಿ ಮೊದಲ ವರ್ಷದ ಕೆಡೆಟ್. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪುಟ್ಟ ಕಂಸಾಳೆ ಹಿಡಿದು ತಪ್ಪು ತಪ್ಪಾಗಿ ಕುಣಿದವನು. ಮಗನ ಬಾಯಿಗೆ ಒಂದು ತುತ್ತು ಮನೆ ಊಟ ಬೀಳಬೇಕಾದರೆ ಫುಟ್‌ಬಾಲ್ ಪಂದ್ಯದ ಶನಿವಾರ ಹೋಗುವುದೇ ಸುಲಭ ಅಂತ ಅವಳು ಕಂಡುಕೊಂಡಿದ್ದಳು. ಪಂದ್ಯದ ಟಿಕೆಟ್ಟು ಅವಳ ಲೆಕ್ಕದಲ್ಲಿ ಪುಳಿಯೋಗರೆ ಸಾಗಿಸುವ ಖರ್ಚು.

ಈ ಆಟ ನನಗೆ 20 ವರ್ಷದಿಂದ ಅರ್ಥವಾಗಿರಲಿಲ್ಲ. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಎರಡು ಸಾಲು ದಾಂಡಿಗರು ಡಿಕ್ಕಿ ಹೊಡೆಯುತ್ತಾರೆ, ಸೀಟಿ, ಎದ್ದು ನಿಲ್ಲುತ್ತಾರೆ, ಮತ್ತೆ ಜಾಹೀರಾತು. ಅವತ್ತು ಒಂದಿಷ್ಟು ತಲೆಗೆ ಹೋಯಿತು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಎಲ್ಲ ತಂಡಗಳೂ ಈಗ ಚೆಂಡು ಎಸೆದು ಎಸೆದು ಒಂದೇ ಏಟಿಗೆ ಮೂವತ್ತು ನಲವತ್ತು ಗಜ ನುಂಗಲು ನೋಡುತ್ತವೆ. ಆರ್ಮಿಯ, ಅಂದರೆ ಈ ಅಕಾಡೆಮಿ ತಂಡದ, ಹುಡುಗರು ಎಸೆಯುವುದೇ ಅಪರೂಪ. ಚೆಂಡು ಬಗಲಲ್ಲಿ ಅವುಚಿಕೊಂಡು ಮೂರು ಗಜ, ಮತ್ತೆ ನಾಲ್ಕು ಗಜ, ಮತ್ತೆ ಮೂರು. ಒಂದು ಉಪಾಯವಿದೆ, ಆಪ್ಷನ್ ಅಂತ. ಎದುರಾಳಿಯೊಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಟ್ಟುಬಿಡುತ್ತಾರೆ. ಅವನು ಯಾರ ಮೇಲೆ ನುಗ್ಗುತ್ತಾನೆ ಅನ್ನುವುದನ್ನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಮೊದಲು ಕೈಗೆ ಪಡೆದು ಆಟ ನಡೆಸುವವನು, ಆ ಕ್ಷಣದಲ್ಲೇ ನೋಡಿ, ಚೆಂಡು ಮಧ್ಯದವನ ಹೊಟ್ಟೆಗೆ ತುರುಕಬೇಕೋ, ತಾನೇ ಓಡಬೇಕೋ, ಪಕ್ಕದವನಿಗೆ ಎಸೆಯಬೇಕೋ ತೀರ್ಮಾನಿಸುತ್ತಾನೆ. ಕಬಡ್ಡಿ ನೋಡಿ ಬೆಳೆದವರಿಗೆ ಅದು ತಟ್ಟನೆ ಹಿಡಿಸುತ್ತದೆ. ಮೈಬಲದವನಿಗಿಂತ ಮೊದಲು ಆಸೆಪಟ್ಟವನು ಸಿಕ್ಕಿಬೀಳುವ ಆಟ.

ಇದಕ್ಕೆ ಕಾರಣ ಬಡತನ ಅನ್ನಬೇಕು. ಈಗ ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ದುಡ್ಡಿನ ಸಂತೆ. ಆಟಗಾರರು ತಮ್ಮ ಹೆಸರು, ಮುಖ ಮಾರಿಕೊಂಡು ಲಕ್ಷಾಂತರ ಡಾಲರ್ ಗಳಿಸಬಹುದು, ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ ಆಡಬಹುದು. ಕೆಡೆಟ್ ಸರ್ಕಾರದ ಸಂಬಳದಾಳು, ಅವನಿಗೆ ಆ ವ್ಯಾಪಾರಕ್ಕೆ ಅವಕಾಶವಿಲ್ಲ. ಓದು ನಾಲ್ಕೇ ವರ್ಷ. ಬೇರೆ ಕಾಲೇಜುಗಳ ಹಾಗೆ ಒಂದು ವರ್ಷ ಬೆಂಚಿನ ಮೇಲೆ ಕೂರಿಸಿ ಮೈ ಬೆಳೆಸಿ ಐದನೇ ವರ್ಷ ಆಡಿಸುವಂತಿಲ್ಲ. ಪದವಿ ಮುಗಿದ ಮೇಲೆ ಐದು ವರ್ಷ ಸೇನೆಯ ಕೆಲಸ. ಅಷ್ಟರ ಮೇಲೆ ಗಣಿತ, ಎಂಜಿನಿಯರಿಂಗ್, ಕವಾಯತು. ಇಷ್ಟೆಲ್ಲ ಒಪ್ಪಿಕೊಂಡು ಬರುವ ಹುಡುಗ 140 ಕಿಲೊ ತೂಗುವ, ಚಿಗರೆಯಂತೆ ಓಡುವ ಪ್ರತಿಭೆಯಾಗಿರುವುದು ಕಷ್ಟ. ಸಣ್ಣವರು, ನಿಧಾನದವರು, ಹಟದವರು ಬರುತ್ತಾರೆ. ಅಂಥವರು ಗೆಲ್ಲಬೇಕಾದರೆ ಚೆಂಡು ತಮ್ಮ ಹತ್ತಿರವೇ ಇಟ್ಟುಕೊಂಡು ಗಡಿಯಾರ ಓಡಿಸಬೇಕು. ಎದುರಾಳಿಯ ಕೈಗೆ ಚೆಂಡೇ ಸಿಗದಿದ್ದರೆ ಅವನ ಪ್ರತಿಭೆ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿರುತ್ತದೆ. 2018ರಲ್ಲಿ ಒಕ್ಲಹೋಮಾದಂಥ ದೈತ್ಯ ತಂಡದ ವಿರುದ್ಧ ಇವರು 60 ನಿಮಿಷದಲ್ಲಿ 44 ನಿಮಿಷ 41 ಸೆಕೆಂಡ್ ಚೆಂಡು ಹಿಡಿದಿಟ್ಟುಕೊಂಡಿದ್ದರು. ಹೆಚ್ಚುವರಿ ಅವಧಿಯಲ್ಲಿ 28–21ರಿಂದ ಸೋತರು ಅನ್ನುವುದು ಬೇರೆ ಮಾತು.

ಆದರೆ ಆ ಶನಿವಾರ ಎದುರಿಗಿದ್ದದ್ದು ಈಸ್ಟ್ ಕ್ಯಾರೊಲೈನಾ. ಆರ್ಮಿಯ ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ, ಟೆಕ್ಸಾಸಿನ ಅಬರ್ನಾತಿ ಅನ್ನುವ ಸಣ್ಣ ಊರಿನವನು, ಒಬ್ಬನೇ ಐದು ಸಲ ಚೆಂಡು ಹೊತ್ತು ಗೆರೆ ದಾಟಿದ. 45–28. ಒಂದೊಂದು ಟಚ್‌ಡೌನ್‌ಗೂ ಲಸ್ಕ್ ಜಲಾಶಯದ ಕಡೆಯಿಂದ ಫಿರಂಗಿ ಢಂ ಅನ್ನುತ್ತಿತ್ತು, ಗೆಳತಿ ಪ್ರತಿ ಸಲವೂ "ಅಯ್ಯೋ ರಾಮ" ಅಂತ ನನ್ನ ತೋಳು ಹಿಡಿಯುತ್ತಿದ್ದಳು. ಕೆಡೆಟ್‌ಗಳು ಪಂದ್ಯ ಪೂರ್ತಿ ನಿಂತೇ ನೋಡುತ್ತಾರೆ. ಅಷ್ಟು ಬೂದು ಬಣ್ಣದ ನಡುವೆ ತನ್ನ ಮಗ ಯಾವನು ಅಂತ ಹುಡುಕಿ ಹುಡುಕಿ ಅವಳು ಒಂದು ಚೆಂಡನ್ನೂ ಸರಿಯಾಗಿ ನೋಡಲಿಲ್ಲ.

ಊಟ ಮುಗಿಸಿದವನನ್ನು ನಾನೇ ಕೇಳಿದೆ, ಅಷ್ಟು ಬೇಗ ಯಾಕೋ ತಿಂತೀಯ ಅಂತ. "ಅಭ್ಯಾಸ ಆಂಟಿ" ಅಂದ. ಊಟದ ಮನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುತ್ತಾರಂತೆ. ಮೊದಲ ವರ್ಷದವರು, ಅಂದರೆ ಪ್ಲೀಬ್‌ಗಳು, ಬಡಿಸಬೇಕು, ಹಿರಿಯರಿಗೆ ಏನು ಬೇಕು ನೋಡಿಕೊಳ್ಳಬೇಕು, ಉಳಿದ ಹೊತ್ತಿನಲ್ಲಿ ತಾವು ತಿನ್ನಬೇಕು. ಬೆಳಗ್ಗೆ ಏಳುವುದರಿಂದ ರಾತ್ರಿ ದೀಪ ಆರಿಸುವವರೆಗೆ ತನ್ನದು ಅನ್ನುವ ಹೊತ್ತು ಇಲ್ಲ. ಹೇಳುತ್ತ ಹೇಳುತ್ತ ಮೂರು ಸಲ ಕೈಗಡಿಯಾರ ನೋಡಿದ. ಡಬ್ಬಿ ತೊಳೆಯಲು ನೀರು ಹುಡುಕಿದ್ದು ನೋಡಿ ಅವನಮ್ಮನ ಕಣ್ಣು ತುಂಬಿತು. ಮನೆಯಲ್ಲಿದ್ದಾಗ ತಟ್ಟೆ ಎತ್ತಿಟ್ಟವನಲ್ಲ.

ನನಗೆ ಅಪ್ಪ ನೆನಪಾದರು. ಅಪ್ಪ ಭಾರತದ ಸೇನೆಯ ಎಂಇಜಿಯಲ್ಲಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಹವಾಲ್ದಾರ್ ಆಗಿದ್ದವರು. ಬೆಂಗಳೂರಿನ ಹಲಸೂರು ಕೆರೆ ಬದಿಯ ಸೆಂಟರಿನಲ್ಲಿ ತರಬೇತಿ, ಆಮೇಲೆ ದೇಶದ ಯಾವ ಯಾವುದೋ ಮೂಲೆ. ವರ್ಷಕ್ಕೆ ಎರಡು ತಿಂಗಳು ರಜ. ಅರಸೀಕೆರೆ ಸ್ಟೇಷನ್ನಿನಲ್ಲಿ ಕರಿ ಟ್ರಂಕಿನ ಸಮೇತ ಇಳಿದ ದಿನದಿಂದಲೇ ಅಮ್ಮ ಕ್ಯಾಲೆಂಡರಿನಲ್ಲಿ ಒಂದೊಂದು ಮನೆ ಅಡ್ಡಗೆರೆ ಎಳೆಯುತ್ತಿದ್ದಳು. ಅಪ್ಪ ರಜದಲ್ಲೂ ಐದಕ್ಕೆ ಏಳುತ್ತಿದ್ದರು, ಊಟಕ್ಕೆ ಕೂತರೆ ನಾವು ಅನ್ನ ಕಲಸುವಷ್ಟರಲ್ಲಿ ಎದ್ದು ಕೈ ತೊಳೆಯುತ್ತಿದ್ದರು. "ನಿಮ್ಮಪ್ಪನಿಗೆ ನನ್ನ ಸಾರು ಹುಳಿಯೋ ಉಪ್ಪೋ ಗೊತ್ತಾಗೋದೇ ಇಲ್ಲ" ಅಂತ ಅಮ್ಮ ಗೊಣಗುತ್ತಿದ್ದಳು. ಆದರೆ ಸಂಜೆ ಶಾಲೆ ಮೈದಾನದಲ್ಲಿ ವಾಲಿಬಾಲ್‌ಗೆ ಇಳಿದರೆ ಅದೇ ಮನುಷ್ಯ ಬೇರೆಯವರು. ಸರ್ವಿಸ್ ಹಾಕುವ ಮೊದಲು ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ, ತಿರುಗಿಸುತ್ತ ನಿಲ್ಲುತ್ತಿದ್ದರು. ಆಚೆಯವರು ರೇಗುತ್ತಿದ್ದರು, "ಹಾಕಪ್ಪಾ ಮಿಲಿಟರಿ, ಕತ್ತಲಾಗ್ತದೆ." ಅಪ್ಪ ಅವಸರ ಮಾಡುತ್ತಲೇ ಇರಲಿಲ್ಲ. ಆಗ ಅದು ಅವರ ಜಂಬ ಅಂದುಕೊಂಡಿದ್ದೆ.

ಮೂರು ವಾರ ಬಿಟ್ಟು, ನವೆಂಬರ್ 9ಕ್ಕೆ, ಆರ್ಮಿ ತಂಡ ಟೆಕ್ಸಾಸಿಗೆ ಹೋಗಿ ನಾರ್ತ್ ಟೆಕ್ಸಾಸ್ ವಿರುದ್ಧ ಆಡಿತು. ಆ ಹೊತ್ತಿಗೆ ನಾನು ಟಿವಿಯಲ್ಲಿ ನೋಡುವಷ್ಟು ಕೆಟ್ಟುಹೋಗಿದ್ದೆ. ಹಿಂದಿನ ವಾರ ಏರ್ ಫೋರ್ಸ್ ವಿರುದ್ಧ 20–3ರಿಂದ ಗೆದ್ದಾಗ ಡೇಲಿ ಇರಲಿಲ್ಲ, ಈ ವಾರ ವಾಪಸ್ಸು ಬಂದಿದ್ದ. ಎದುರಾಳಿಗಳು ಅಂಕ ಹೊಡೆಯುವುದರಲ್ಲಿ ಪ್ರಸಿದ್ಧರು. ಮೂರನೇ ಕ್ವಾರ್ಟರಿನಲ್ಲಿ ಆರ್ಮಿಗೆ ತನ್ನದೇ ಗೆರೆಯ ಹತ್ತಿರ, ಆರು ಗಜದ ಅಂಚಿನಲ್ಲಿ ಚೆಂಡು ಸಿಕ್ಕಿತು. ಅಲ್ಲಿಂದ ಶುರು. ಮೂರು ಗಜ. ಐದು ಗಜ. ಎರಡು ಗಜ. ನಾನು ಎದ್ದು ಬಟ್ಟೆ ಒಣಗಿಸುವ ಮಷೀನಿನಿಂದ ಬಟ್ಟೆ ತೆಗೆದುಕೊಂಡು ಬಂದೆ, ಚೆಂಡು ಇನ್ನೂ ಅವರ ಹತ್ತಿರವೇ. ಪಂಚೆ, ಟವೆಲ್, ಮಗಳ ಜೀನ್ಸ್ ಮಡಿಸಿದೆ, ಚೆಂಡು ಅವರ ಹತ್ತಿರವೇ. ಕ್ವಾರ್ಟರ್ ಮುಗಿದು ಮುಂದಿನದು ಶುರುವಾಯಿತು. ನಾರ್ತ್ ಟೆಕ್ಸಾಸಿನ ಕ್ವಾರ್ಟರ್‌ಬ್ಯಾಕ್ ಪಾಪ ಕಾಯುತ್ತಲೇ ಇದ್ದ. 21 ಸಲ ಆಡಿ, 94 ಗಜ ತೆವಳಿ, ಕೊನೆಗೆ ಗೆರೆ ದಾಟಿದಾಗ ಗಡಿಯಾರದಲ್ಲಿ 14 ನಿಮಿಷಕ್ಕೆ ಕೆಲವೇ ಸೆಕೆಂಡ್ ಕಮ್ಮಿ ಖರ್ಚಾಗಿತ್ತು. ಒಂದು ಕ್ವಾರ್ಟರ್ ಅಂದರೆ ಇರುವುದೇ 15 ನಿಮಿಷ. ಪಂದ್ಯ 14–3.

"ಇದಕ್ಕಿಂತ ಬೋರು ಇನ್ನೊಂದಿಲ್ಲ" ಅಂದರು ನಮ್ಮ ಯಜಮಾನರು. ಇದೇ ಮನುಷ್ಯ 2003ರಲ್ಲಿ ಅಡಿಲೇಡಿನಲ್ಲಿ ದ್ರಾವಿಡ್ 233 ಹೊಡೆಯುವಾಗ ಪ್ರತಿ ಚೆಂಡು ಬಿಟ್ಟಾಗಲೂ ಚಪ್ಪಾಳೆ ತಟ್ಟಿದವರು. ನೆನಪಿಸಿದೆ. "ಅದು ಬೇರೆ, ಅದು ಕ್ರಿಕೆಟ್ಟು" ಅಂದರು.

ಡಬ್ಬಿ ಹಿಡಿದು ಗಡಿಯಾರ ನೋಡುತ್ತಿದ್ದ ಆ ಹುಡುಗನ ಮುಖ ನನಗೆ ಕಂಡಿದ್ದು ಆ 14 ನಿಮಿಷದಲ್ಲೇ. ಬೆಳಗ್ಗೆಯಿಂದ ರಾತ್ರಿವರೆಗೆ ಒಂದು ನಿಮಿಷವೂ ತಮ್ಮದಲ್ಲದ ಹುಡುಗರು ವಾರಕ್ಕೊಂದು ಸಲ ಮೈದಾನಕ್ಕಿಳಿದು, ಗಡಿಯಾರವನ್ನೇ ಬಗಲಲ್ಲಿ ಅವುಚಿಕೊಂಡು, ಯಾರಿಗೂ ಕೊಡೆವು ಅಂತ ಕೂರುತ್ತಾರೆ. ತರಬೇತುದಾರ ಜೆಫ್ ಮಾಂಕನ್ ಕೇಳಿದರೆ ಇದು ಬರೀ ತಂತ್ರ, ಇದರಲ್ಲಿ ಕಾವ್ಯ ಹುಡುಕಬೇಡಿ ತಾಯಿ ಅನ್ನಬಹುದು. 2014ರಿಂದ ಇರುವವರು, ಅವರಿಗೇ ಗೊತ್ತು. 2023ರಲ್ಲಿ ಬೇರೆಯವರ ಹಾಗೆ ಆಡಲು ಹೋಗಿ ಆರು ಗೆದ್ದು ಆರು ಸೋತಿದ್ದರು, 2024ರಲ್ಲಿ ಮತ್ತೆ ಹಳೆಯ ದಾರಿ ಹಿಡಿದರು. ನನಗೆ ಮಾತ್ರ ಅಪ್ಪ ಅಂಗೈಯಲ್ಲಿ ಚೆಂಡು ತಿರುಗಿಸುತ್ತ ನಿಂತದ್ದು ಕಣ್ಣಿಗೆ ಕಟ್ಟಿತು.

ಹಾಗಂತ ಈ ತಂಡ ಯಾವಾಗಲೂ ಹೀಗೆ ಗೆಲ್ಲುತ್ತಿತ್ತು ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ದೇಶದಲ್ಲೇ ಇವರನ್ನು ಮೀರಿಸುವವರಿರಲಿಲ್ಲ. ಡಾಕ್ ಬ್ಲಾಂಚರ್ಡ್ 1945ರಲ್ಲಿ, ಗ್ಲೆನ್ ಡೇವಿಸ್ 1946ರಲ್ಲಿ ಹೈಸ್‌ಮನ್ ಟ್ರೋಫಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ, ತಂದರು. ಆಮೇಲೆ ಇಳಿಜಾರು. ಇಳಿದು ಇಳಿದು 2003ಕ್ಕೆ 13 ಪಂದ್ಯ ಆಡಿ ಹದಿಮೂರೂ ಸೋತರು, ದೊಡ್ಡ ಕಾಲೇಜುಗಳ ಮಟ್ಟದಲ್ಲಿ ಅಂಥ 0–13 ಅದಕ್ಕೆ ಮೊದಲು ಯಾರಿಗೂ ಆಗಿರಲಿಲ್ಲ. ಕೊನೆಯದು ಹಳೆಯ ಎದುರಾಳಿ ನೇವಿ, ಅಂದರೆ ನೌಕಾ ಅಕಾಡೆಮಿಯ ತಂಡದ, ಕೈಯಲ್ಲಿ 34–6. ಆ ವರ್ಷ ಇರಾಕ್ ಯುದ್ಧ. ಪದವಿ ಮುಗಿಸಿದ ಹುಡುಗರು ನೇರ ಅಲ್ಲಿಗೇ ಹೋಗುತ್ತಿದ್ದ ಕಾಲದಲ್ಲಿ ಯಾವ ತಾಯಿ ಮಗನನ್ನು ಫುಟ್‌ಬಾಲ್ ಆಡು ಹೋಗಪ್ಪ ಅಂತ ವೆಸ್ಟ್ ಪಾಯಿಂಟಿಗೆ ಕಳಿಸುತ್ತಾಳೆ? 2002ರಿಂದ 2015ರವರೆಗೆ ನೇವಿ ಎದುರು ಸತತ 14 ವರ್ಷ ಸೋತರು. 2016ರಲ್ಲಿ 21–17ರಿಂದ ಆ ಸರಪಳಿ ಕಡಿಯಿತು.

ಇಲ್ಲಿ ಯುದ್ಧ ಮತ್ತು ಆಟ ಅಕ್ಕಪಕ್ಕದಲ್ಲೇ ಕೂತಿರುತ್ತವೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಮೈದಾನದ ಹೆಸರು ಮೀಕಿ ಸ್ಟೇಡಿಯಂ. 1890ರಲ್ಲಿ ಇಲ್ಲಿ ಮೊದಲ ತಂಡ ಕಟ್ಟಿ ನೇವಿಯ ಸವಾಲು ಎದುರಿಸಿದ ಕೆಡೆಟ್ ಡೆನಿಸ್ ಮೀಕಿ. ಅವತ್ತು 24–0ಯಿಂದ ಸೋತ. 1898ರಲ್ಲಿ ಕ್ಯೂಬಾದ ಯುದ್ಧದಲ್ಲಿ ಸತ್ತ. ಮೈದಾನದ ಪಕ್ಕದ ಒಳಾಂಗಣ ಕಟ್ಟಡಕ್ಕೆ ಡಾನ್ ಹಾಲೆಡರ್ ಹೆಸರು. 1955ರಲ್ಲಿ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ ಅಂತ, ಬೇರೆ ಜಾಗದಲ್ಲಿ ಆಲ್-ಅಮೆರಿಕನ್, ಅಂದರೆ ದೇಶದ ಅತ್ಯುತ್ತಮರಲ್ಲಿ ಒಬ್ಬ, ಆಗಿ ಮೆರೆದವನನ್ನು ತರಬೇತುದಾರ ರೆಡ್ ಬ್ಲೇಕ್ ಅಲ್ಲಿಗೆ ತಂದು ನಿಲ್ಲಿಸಿದರು. ಹುಡುಗ ತನ್ನ ಹೆಸರು ಪಣಕ್ಕಿಟ್ಟು ಒಪ್ಪಿಕೊಂಡ, ನೇವಿಯನ್ನು ಸೋಲಿಸಿದ. 1967ರ ಅಕ್ಟೋಬರ್‌ನಲ್ಲಿ ವಿಯೆಟ್ನಾಮಿನಲ್ಲಿ ಹೆಲಿಕಾಪ್ಟರಿನಿಂದ ಇಳಿದು ಗಾಯಾಳುಗಳ ಕಡೆ ಓಡುವಾಗ ಗುಂಡು ತಗುಲಿತು. ಗೆಳತಿ ಆ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳೋಣ ಅಂದಳು. ಹೆಸರಿನ ಹಿಂದಿನ ಕಥೆ ನನಗೆ ಆಗಲೇ ಗೊತ್ತಿತ್ತು, ಅವಳಿಗೆ ಹೇಳಲಿಲ್ಲ. ನಕ್ಕು ನಿಂತುಕೊಂಡೆವು.

ಇನ್ನುಳಿದ ಋತು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತಕ್ಕೆ ಒಂಬತ್ತೂ ಗೆದ್ದು ನವೆಂಬರ್ 23ಕ್ಕೆ ಯಾಂಕಿ ಸ್ಟೇಡಿಯಂನಲ್ಲಿ ನೋಟರ್‌ಡೇಮ್ ಎದುರು ನಿಂತರು. 49–14, ಚಿಂದಿಯಾದರು. ಬಡವರ ಉಪಾಯಕ್ಕೂ ಒಂದು ಮಿತಿ ಇದೆ ಅನ್ನುವುದು ಅವತ್ತು ಕಂಡಿತು: ಮೊದಲೇ ಹಿಂದೆ ಬಿದ್ದರೆ ಗಡಿಯಾರ ಎದುರಾಳಿಯ ಪರ ಓಡುತ್ತದೆ. ಆದರೆ ಡಿಸೆಂಬರ್ 6ರ ಶುಕ್ರವಾರ ರಾತ್ರಿ ಚಳಿಯಲ್ಲಿ ಟುಲೇನ್ ತಂಡವನ್ನು 35–14ರಿಂದ ಸೋಲಿಸಿ, ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಅನ್ನುವ ಕಾಲೇಜು ತಂಡಗಳ ಕೂಟದ ಪಟ್ಟ ಗೆದ್ದರು. ಆ ಕೂಟಕ್ಕೆ ಸೇರಿದ ಮೊದಲ ವರ್ಷವೇ. 1890ರಿಂದ ಆಡುತ್ತಿರುವ ತಂಡಕ್ಕೆ ಯಾವುದೇ ಕೂಟದ ಪಟ್ಟ ಅದೇ ಮೊದಲು. ದೇಶದ ಅತ್ಯುತ್ತಮ ಆಕ್ರಮಣ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿಯೂ ಈ ಹುಡುಗರಿಗೇ ಬಂತು. ನನಗೆ ಎಲ್ಲಕ್ಕಿಂತ ಖುಷಿಯಾಗಿದ್ದು ಅದಕ್ಕೆ, ಯಾಕೆಂದರೆ ಚೆಂಡು ಮುಟ್ಟದೆ ಬರೀ ತಳ್ಳುವವರ ಹೆಸರು ಯಾರೂ ಹೇಳುವುದಿಲ್ಲ. ಪದವಿ ಮುಗಿಯುವ ಹೊತ್ತಿಗೆ ಆ ದೇಹವನ್ನೆಲ್ಲ ಇಳಿಸಿ ಸೇನೆಯ ತೂಕದ ಲೆಕ್ಕಕ್ಕೆ ಬೇರೆ ಬರಬೇಕು. ಡೇಲಿ ಹೈಸ್‌ಮನ್ ಮತಗಳಲ್ಲಿ ಆರನೆಯವನಾದ.

ಆಮೇಲೆ ನೇವಿ. ಡಿಸೆಂಬರ್ 14, ಮೇರಿಲ್ಯಾಂಡಿನ ಲ್ಯಾಂಡೋವರ್. ಎರಡೂ ತಂಡ ಈಗ ಒಂದೇ ಕೂಟದಲ್ಲಿದ್ದರೂ ಈ ಪಂದ್ಯದ ಅಂಕ ಕೂಟದ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಯಾವ ಪಟ್ಟಿಯಲ್ಲಿ ಹಾಕಿದರೂ ಚಿಕ್ಕದಾಗುತ್ತದೆ ಅಂತ ಇರಬೇಕು. ನಾವು ಗೆಳತಿಯ ಮನೆಯಲ್ಲಿ ಸೇರಿದ್ದೆವು, ಚಿತ್ರಾನ್ನ, ಬೋಂಡ, ಟಿವಿ. ಆರ್ಮಿಗೆ ಅವತ್ತು ಏನೂ ಕೂಡಿಬರಲಿಲ್ಲ. ಡೇಲಿ ಎಸೆದ ಚೆಂಡು ಮೂರು ಸಲ ನೇವಿಯವರ ಕೈ ಸೇರಿತು. 31–13.

ಈ ಪಂದ್ಯ ಮುಗಿದ ಮೇಲೆ ಒಂದು ಪದ್ಧತಿ ಇದೆ. ಎರಡೂ ತಂಡದವರು ಒಟ್ಟಿಗೆ, ಮೊದಲು ಸೋತವರ ಕೆಡೆಟ್‌ಗಳ ಮುಂದೆ ಹೋಗಿ ನಿಂತು ಅವರ ಅಕಾಡೆಮಿಯ ಹಾಡು ಹಾಡುತ್ತಾರೆ, ಆಮೇಲೆ ಗೆದ್ದವರ ಮುಂದೆ ಹೋಗಿ ಅವರದ್ದು. ಹಾಗಾಗಿ ಎರಡನೆಯದಾಗಿ ಹಾಡುವುದೇ ಇವರ ವರ್ಷದ ಆಸೆ. 11 ಗೆದ್ದ, ಪಟ್ಟ ಕಟ್ಟಿಸಿಕೊಂಡ ತಂಡ ಅವತ್ತು ಮೊದಲು ಹಾಡಿತು. ಅತ್ತು ಕೆಂಪಾದ ಮುಖಗಳು, ಕೆನ್ನೆಗೆ ಮೆತ್ತಿದ ಹುಲ್ಲು, ಪಕ್ಕದಲ್ಲಿ ನೇವಿ ಹುಡುಗರು ಕದಲದೆ ನಿಂತಿದ್ದರು. ಕ್ಯಾಮೆರಾ ಕೆಡೆಟ್‌ಗಳ ಮೇಲೆ ಸಾಗಿದಾಗಲೆಲ್ಲ ಗೆಳತಿ ಟಿವಿಯ ಹತ್ತಿರಕ್ಕೇ ಹೋಗಿ ನಿಲ್ಲುತ್ತಿದ್ದಳು. ಮಗ ಕಾಣಲಿಲ್ಲ.

ಡಿಸೆಂಬರ್ 28ಕ್ಕೆ ಲೂಯಿಸಿಯಾನದ ಶ್ರೀವ್‌ಪೋರ್ಟಿನಲ್ಲಿ ಇಂಡಿಪೆಂಡೆನ್ಸ್ ಬೌಲ್ ಅನ್ನುವ ಋತುವಿನ ಕೊನೆಯ ಪಂದ್ಯ. ಎದುರಾಳಿ ಮಾರ್ಷಲ್ ಆಗಬೇಕಿತ್ತು. ತರಬೇತುದಾರ ಬೇರೆ ಕಡೆ ಹೋದರು, ಹಿಂದೆಯೇ ಆಟಗಾರರು ಬೇರೆ ಬೇರೆ ಕಾಲೇಜು ಹುಡುಕಿಕೊಂಡರು, ಆಡಲು ಜನವೇ ಇಲ್ಲದೆ ತಂಡ ಹಿಂದೆ ಸರಿಯಿತು. ಬದಲಿಗೆ ಲೂಯಿಸಿಯಾನ ಟೆಕ್ ಬಂತು. ಆರ್ಮಿಯಿಂದಲೂ ಒಬ್ಬ ಹೊರಟಿದ್ದ: ಆ ವರ್ಷ ಸಾವಿರ ಗಜಕ್ಕೂ ಹೆಚ್ಚು ಓಡಿದ ಕಾನ್ಯೆ ಉಡೊ, ಅರಿಜೋನಾ ಸ್ಟೇಟ್ ಕಡೆಗೆ. ಮೂರನೇ ವರ್ಷ ಶುರುವಾಗುವ ಮೊದಲು ಹೊರಟರೆ ಸೇನೆಯ ಋಣ ಇರುವುದಿಲ್ಲ. ಅವನನ್ನು ಬೈದವರಿದ್ದಾರೆ. ನನಗೆ ಬೈಯಲು ಬಾಯಿ ಬರಲಿಲ್ಲ, ನಾವೇ ಸಂಬಳ ಹೆಚ್ಚು ಅಂತ ಸಾಗರ ದಾಟಿ ಬಂದವರು.

ಕ್ರಿಸ್‌ಮಸ್ ರಜಕ್ಕೆ ಹುಡುಗ ಮನೆಗೆ ಬಂದಿದ್ದ. ಪಂದ್ಯ ಶುರುವಾಗುವಾಗಲೇ ರಾತ್ರಿ ಒಂಬತ್ತು ದಾಟಿತ್ತು. ಇಡೀ ವರ್ಷ ನಿಂತು ನೋಡಿದವನು ಇದೊಂದನ್ನಾದರೂ ಕೂತು ನೋಡಲಿ ಅಂತ ಸೋಫಾ ಪೂರ್ತಿ ಅವನಿಗೇ ಬಿಟ್ಟಿದ್ದರು. ಮೊದಲ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಅವನು ನಿದ್ದೆ ಹೋದ, ಬಾಯಿ ತೆರೆದು, ಒಂದು ಕಾಲು ನೆಲದ ಮೇಲೆ. ಡೇಲಿ ಮೂರು ಸಲ ಗೆರೆ ದಾಟಿದ, ವರ್ಷದ ಲೆಕ್ಕ 32ಕ್ಕೆ ಬಂತು. 27–6. ಆರ್ಮಿಗೆ 12ನೇ ಗೆಲುವು, ಒಂದೇ ಋತುವಿನಲ್ಲಿ ಅಷ್ಟು ಹಿಂದೆಂದೂ ಗೆದ್ದಿರಲಿಲ್ಲ. ನಮ್ಮ ಯಜಮಾನರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಗೆಳತಿ ತುಟಿ ಮೇಲೆ ಬೆರಳಿಟ್ಟು ತಡೆದು, ರಿಮೋಟಿಗಾಗಿ ಕೈ ಚಾಚಿ ಧ್ವನಿ ಪೂರ್ತಿ ಇಳಿಸಿದಳು. ಬೆಳಗ್ಗೆ ಹನ್ನೊಂದಾದರೂ ಅವನನ್ನು ಎಬ್ಬಿಸಲಿಲ್ಲವಂತೆ.